ಕಡವಿನಲ್ಲಿ ಅಜ್ಜಿ ಹಿಡಿದ ಹಗ್ಗ

ಆ ಕಾಲದಲ್ಲಿ ನಮ್ಮ ಕೇರಿಯ ಹೆಂಗಸರಲ್ಲಿ ಮೀನಿನ ಬುಟ್ಟಿಯನ್ನು ತಾವೇ ಎತ್ತಿ ತಲೆಗೇರಿಸಿಕೊಂಡವರು ಒಬ್ಬರೂ ಇರಲಿಲ್ಲ. ಎತ್ತುವ ಶಕ್ತಿ ಇರಲಿಲ್ಲವೆಂದಲ್ಲ, ಅದು ಕ್ರಮವಾಗಿರಲಿಲ್ಲ ಅಷ್ಟೆ. ತಲೆಗೆ ಸಿಂಬಿ ಇಟ್ಟುಕೊಂಡು ಬುಟ್ಟಿಯ ಮುಂದೆ ಬಗ್ಗಿ ನಿಂತರೆ ಸಾಕು, ಪಕ್ಕದಲ್ಲಿ ಯಾರಿದ್ದರೂ ಬಂದು ಕೈ ಕೊಡುತ್ತಿದ್ದರು. ಹಿಂದಿನ ದಿನ ಜಡೆ ಹಿಡಿದು ಜಗಳವಾಡಿದವಳೇ ಇದ್ದರೂ ಕೈ ಕೊಡುತ್ತಿದ್ದಳು. ಕೊಟ್ಟಾದ ಮೇಲೆ ಬೇಕಾದರೆ ಮುಖ ತಿರುಗಿಸುತ್ತಿದ್ದಳು.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ಹೆಜಮಾಡಿಯ ಕಡೆ, ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಒಂದು ಮರಳಿನ ಪಟ್ಟಿ. ಅದರ ಮೇಲೆ ತೆಂಗಿನ ಮರಗಳು, ಅವುಗಳ ಬುಡದಲ್ಲಿ ನಮ್ಮ ಮನೆಗಳು. ರಾತ್ರಿ ಮಲಗಿದರೆ ಒಂದು ಕಿವಿಗೆ ಕಡಲು, ಇನ್ನೊಂದು ಕಿವಿಗೆ ಹೊಳೆ. ಇಂಥ ಜಾಗದಲ್ಲಿ ಹುಟ್ಟಿದವರಿಗೆಲ್ಲ ಈಜು ಬರುತ್ತಿತ್ತು ಎಂದು ಹೊರಗಿನವರು ತಿಳಿದುಕೊಂಡಿದ್ದರು. ಗಂಡಸರಿಗೆ ಬರುತ್ತಿತ್ತು. ಹೆಂಗಸರಿಗೆ ಬರುತ್ತಿರಲಿಲ್ಲ. ಯಾರೂ ಕಲಿಸಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ನೀರಿಗಿಳಿಯುವುದು ಗಂಡಸರ ಕೆಲಸ, ನೀರಿನಿಂದ ಬಂದದ್ದನ್ನು ಮಾರುವುದು ಹೆಂಗಸರ ಕೆಲಸ ಎಂದು ಎಂದೋ ಹಂಚಿಕೆಯಾಗಿ ಹೋಗಿತ್ತು.

ಮನೆ ಅಜ್ಜಿಯದು. ಅಜ್ಜಿ ಎಂದರೆ ಅಮ್ಮನ ಅಮ್ಮ, ಕಮಲಜ್ಜಿ. ಅಪ್ಪ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದರು. ಮಳೆಗಾಲದಲ್ಲಿ ಬೋಟು ದಡಕ್ಕೆ ಬಂದಾಗ ಅವರೂ ಮನೆಗೆ ಬಂದು ಜಗಲಿಯಲ್ಲಿ ಕೂತು ಬಲೆ ನೇಯುತ್ತಿದ್ದರು. ಯಾವ ವಿಷಯ ಕೇಳಿದರೂ "ನಿನ್ನ ಅಜ್ಜಿ ಎಂತ ಹೇಳ್ತಾರೋ ಕೇಳು" ಎನ್ನುತ್ತಿದ್ದರು. ಅಮ್ಮ, ಹೆಸರು ಲೀಲಾ, ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟರೆ ಎಲ್ಲೂರು, ನಂದಿಕೂರಿನ ಮನೆಮನೆ ಸುತ್ತಿ ಮಧ್ಯಾಹ್ನ ಮೀರಿ ಬರುತ್ತಿದ್ದಳು. ಮಳೆಗಾಲದಲ್ಲಿ ಹಸಿ ಮೀನು ಇರುವುದಿಲ್ಲ. ಆಗ ಅವಳ ಬುಟ್ಟಿಯಲ್ಲಿರುತ್ತಿದ್ದುದು ಒಣಮೀನು. ಮೇ ತಿಂಗಳಿಡೀ ಅಂಗಳದ ಚಾಪೆಯ ಮೇಲೆ ಸಿಗಡಿ, ನಂಗು, ಬಂಗುಡೆ ಒಣಗುತ್ತಿದ್ದವು. ಕಾಗೆ ಓಡಿಸುವ ಕೆಲಸ ನನ್ನದು. ಅಂಗಿ, ತಲೆಗೂದಲು, ಶಾಲೆಯ ಪುಸ್ತಕ, ಎಲ್ಲಕ್ಕೂ ಅದೇ ವಾಸನೆ. ತರಗತಿಯಲ್ಲಿ ಎಲ್ಲರ ಪುಸ್ತಕಕ್ಕೂ ಅದೇ ವಾಸನೆ ಇದ್ದುದರಿಂದ ನಾಚಿಕೆಪಡುವ ಸಂದರ್ಭ ಬರಲಿಲ್ಲ. ಸುಟ್ಟ ಸಿಗಡಿಯನ್ನು ಕಾಯಿತುರಿ, ಮೆಣಸಿನೊಂದಿಗೆ ಅರೆದ ಚಟ್ನಿ, ಅದರೊಂದಿಗೆ ಬಿಸಿ ಗಂಜಿ. ಮಳೆಗಾಲದ ರುಚಿ ಎಂದರೆ ನನಗೆ ಈಗಲೂ ಅದೇ.

ನಾನು ಏಳನೇ ತರಗತಿಗೆ ಬಂದ ವರ್ಷ, ಮಳೆ ಶುರುವಾಗುತ್ತಿದ್ದ ಹಾಗೆಯೇ ಕಡಲು ನಮ್ಮ ರಸ್ತೆಯನ್ನು ತಿಂದಿತು. ಪಡುಬಿದ್ರಿಯತ್ತ ಹೋಗುವ ಒಂದೇ ರಸ್ತೆ ಅದು. ಮೊದಲು ಬದಿಯ ಗಾಳಿಮರಗಳು ಬಿದ್ದವು, ಆಮೇಲೆ ಡಾಮರು ಬೆಲ್ಲದಚ್ಚಿನ ಹಾಗೆ ತುಂಡುತುಂಡಾಗಿ ಬಿತ್ತು. ಬಸ್ಸು ನಿಂತಿತು. ಕಾರ್ಕಳದ ಕಡೆಯಿಂದ ಟಿಪ್ಪರುಗಳು ಕಡಲಿಗೆ ತಡೆ ಹಾಕಲು ಕಲ್ಲು ತಂದು ರಸ್ತೆ ಮುರಿದಲ್ಲಿಗೆ ಸುರಿಯತೊಡಗಿದವು. ಆ ಕೆಲಸಕ್ಕೆ ಬಾಗಲಕೋಟೆಯ ಕಡೆಯವರು ಬಂದು ನಮ್ಮ ಕಡೆಯ ತೆಂಗಿನ ತೋಪಿನಲ್ಲಿ ನೀಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡರು. ಊರಿನಿಂದ ಹೊರಗೆ ಹೋಗಬೇಕಾದರೆ ನಮಗೆ ಉಳಿದ ದಾರಿ ಹೊಳೆ ಒಂದೇ. ಹೊಳೆ ದಾಟಿಸುವ ಕಡವಿನಲ್ಲಿ ಸಂಜೀವಣ್ಣನ ದೋಣಿ ಇತ್ತು.

ಆ ಮಳೆಗಾಲದ ಒಂದು ಬೆಳಿಗ್ಗೆ ಅಮ್ಮ ಎಲೆಯಡಿಕೆಯ ಚೀಲ ಮರೆತು ಹೋಗಿದ್ದಳು. ಕೊಡಲೆಂದು ನಾನು ಕಡವಿಗೆ ಓಡಿದೆ. ದೋಣಿ ಆಗಲೇ ನಡುಹೊಳೆ ಸೇರಿತ್ತು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ದೋಣಿಯಲ್ಲಿ ಬುಟ್ಟಿಯ ಹೆಂಗಸರು, ಅವರ ನಡುವೆ ಅಮ್ಮ, ಅಮ್ಮನ ಪಕ್ಕ ನಮ್ಮ ನೆರೆಮನೆಯ ಗುಲಾಬಿಯಕ್ಕ. ಅಬ್ಬಲಿಗೆ ಹೂ ಕಟ್ಟಿದ ದಿನ ನನ್ನನ್ನು ಕರೆದು ಜಡೆಗೆ ಮುಡಿಸುತ್ತಿದ್ದವಳು. ಗುಲಾಬಿಯಕ್ಕನ ಬುಟ್ಟಿ ದೋಣಿಯ ಅಂಚಿನಲ್ಲಿತ್ತು. ಒಂದು ಅಲೆಗೆ ಅದು ಜಾರಿತು. ಒಣಮೀನು ನೆನೆದರೆ ಮುಗಿಯಿತು, ಯಾರೂ ಕೊಳ್ಳುವುದಿಲ್ಲ. ಅವಳು ಕೈ ಚಾಚಿದಳು. ಅಮ್ಮ ಚಾಚಿದಳು. ಎಲ್ಲರೂ ಚಾಚಿದರು. ಹುಟ್ಟಿದಂದಿನಿಂದ ಇನ್ನೊಬ್ಬರ ಬುಟ್ಟಿಗೆ ಕೈ ಕೊಟ್ಟು ಪಳಗಿದವರು, ಯೋಚಿಸಲು ನಿಲ್ಲಲಿಲ್ಲ. ಎಲ್ಲರ ಭಾರವೂ ಒಂದೇ ಬದಿಗೆ ಬಂತು, ದೋಣಿ ಮಗುಚಿತು.

ಬಲೆ ನೇಯುತ್ತಿದ್ದ ಗಂಡಸರು ಓಡಿ ಬಂದು ಹಾರಿದರು. ಮಗುಚಿದ ದೋಣಿಗೆ ಆತುಕೊಂಡವರನ್ನೆಲ್ಲ ಎಳೆದು ತಂದರು. ಅಮ್ಮನನ್ನು ಅಪ್ಪನೇ ತಂದರು. ಗುಲಾಬಿಯಕ್ಕ ಸಿಕ್ಕಿದ್ದು ಮರುದಿನ, ಹೊಳೆ ಕಡಲು ಸೇರುವಲ್ಲಿ.

ಸಂಜೀವಣ್ಣ ಆಮೇಲೆ ಒಂದು ನಿಯಮ ಮಾಡಿದ. "ಇನ್ನು ಬುಟ್ಟಿ ಬಿದ್ದರೆ ಬೀಳಲಿ ಮಾರಾಯ್ತಿ. ಯಾರದ್ದೇ ಆಗಲಿ, ಕೈ ಹಾಕಿದವರನ್ನು ನಾನು ಮತ್ತೆ ಹತ್ತಿಸುವುದಿಲ್ಲ" ಎಂದ. ಹೆಂಗಸರು ತಲೆಯಾಡಿಸಿದರು. ಒಂದು ವಾರದಲ್ಲಿ ಎಲ್ಲರೂ ಮತ್ತೆ ದೋಣಿ ಹತ್ತಿದರು. ಹತ್ತದೆ ಉಳಿದವಳು ಅಮ್ಮ ಒಬ್ಬಳೇ.

ಅವಳು ಅಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ. ಬೀಡಿ ಕಟ್ಟುವ ಸೂಪು, ಎಂದರೆ ಮೊರದಂಥ ತಟ್ಟೆ, ತಂದು ಮಡಿಲಲ್ಲಿಟ್ಟುಕೊಂಡು ಕೂತಳು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಟುವುದು. ಆಟಿ ತಿಂಗಳ ಸುರಿಮಳೆಯಲ್ಲಿ ನಾನು ಚೆನ್ನೆಮಣೆ ತಂದಿಟ್ಟರೆ ಒಂದು ಆಟ ಆಡುತ್ತಿದ್ದಳು, ಅದೂ ಕಾಯಿಗಳನ್ನು ನೋಡದೆ. ಹೊಳೆಯ ಬದಿಯ ಕಿಟಕಿಯನ್ನು ಮಾತ್ರ ಮಳೆ ಇಲ್ಲದಾಗಲೂ ತೆರೆಯುತ್ತಿರಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಅಪ್ಪ ಕೇಳಿದರು, "ಬರುವ ಜೂನಿಗೆ ಇವಳನ್ನು ಹೈಸ್ಕೂಲಿಗೆ ಹಾಕುವುದಲ್ವಾ?"

ನಮ್ಮಲ್ಲಿ ಇದ್ದುದು ಏಳರವರೆಗಿನ ಶಾಲೆ. ಹೈಸ್ಕೂಲು ಹೊಳೆಯ ಆಚೆ.

"ನಾನು ಹತ್ತದ ದೋಣಿಗೆ ಇವಳನ್ನು ಹತ್ತಿಸುವುದು ಹೇಗೆ?" ಎಂದಳು ಅಮ್ಮ.

"ಹಾಗಾದರೆ ಏಳು ಸಾಕು," ಎಂದರು ಅಜ್ಜಿ. "ಬೀಡಿ ಕಟ್ಟಲಿಕ್ಕೆ ಎಸ್ಸೆಲ್ಸಿ ಬೇಕಾ?"

ಅಜ್ಜಿ ಇದನ್ನು ತಮಾಷೆಗೆ ಹೇಳಲಿಲ್ಲ. ಅಪ್ಪ ಬಟ್ಟಲಿನತ್ತ ನೋಡಿದರು. ಶಾಲೆಯ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ, ಆದರೆ ಆ ಸೂಪನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಿದ ಕಿಟಕಿಯ ಪಕ್ಕ ಕೂರುವುದನ್ನು ನೆನೆಸಿಕೊಂಡರೆ ಭಯವಾಗುತ್ತಿತ್ತು.

ಟಾರ್ಪಾಲಿನ ಗುಡಿಸಲುಗಳಿಂದ ನಮ್ಮ ಬಾವಿಗೆ ನೀರಿಗೆ ಬರುತ್ತಿದ್ದವಳು ಯಲ್ಲವ್ವ. ತೋಪಿನ ಬಾವಿಯ ನೀರು ಉಪ್ಪು, ನಮ್ಮದು ಸಿಹಿ. ಮೊದಲ ದಿನ ಮೂಗಿಗೆ ಸೆರಗು ಹಿಡಿದುಕೊಂಡೇ ಬಂದಳು. "ಈ ನಾತ ಹೆಂಗ ತಡ್ಕೊಂತೀರ್ರಿ ಯವ್ವಾ" ಎಂದಳು. ಅಜ್ಜಿಗೆ ಸಿಟ್ಟು ಬಂತು, ಆದರೆ ನೀರು ಕೊಟ್ಟರು. ಕೆಲವು ದಿನಗಳಲ್ಲಿ ಅವಳು ಸಿಗಡಿ ಚಟ್ನಿಯನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನುವಷ್ಟು ಮುಂದುವರಿದಳು, ನಮಗೆ ಶೇಂಗಾ ಚಟ್ನಿ ತಂದುಕೊಟ್ಟಳು. ಮನೆಯಲ್ಲಿ ನಮ್ಮ ಮಾತು ತುಳು. ಅವಳೊಂದಿಗೆ ಅಮ್ಮ ಶಾಲೆಯಲ್ಲಿ ಕಲಿತ ಕನ್ನಡವನ್ನು ಪಾಠ ಒಪ್ಪಿಸುವ ಹಾಗೆ ಆಡುತ್ತಿದ್ದಳು. ಹಾಗೆ ಆಡುತ್ತಲೇ ಒಂದು ದಿನ ದೋಣಿಯ ಕತೆಯನ್ನೂ ಹೇಳಿದಳು.

ಯಲ್ಲವ್ವ ಕೊಡ ಕೆಳಗಿಟ್ಟಳು. "ಅಲ್ರೀ ಲೀಲಕ್ಕಾರ, ಎರಡೂ ಕಡೆ ಇಷ್ಟ ನೀರ ಇಟ್ಕೊಂಡು ನಿಮಗ ಈಸಾಕ ಬರಂಗಿಲ್ಲಂದ್ರ ಏನ ಹೇಳ್ಲಿ? ನಮ್ಮೂರಾಗ ಇರೂದ ಒಂದ ಬಾವಿ. ಊರ ಹುಡುಗೂರೆಲ್ಲಾ ಅದರಾಗ ಈಸು ಕಲ್ತಾವ."

"ಹುಡುಗಿಯರು ಕೂಡ ಈಜುತ್ತಾರಾ?"

"ಅವರಿಗೇನ ಬ್ಯಾರೆ ನೀರ ಇರ್ತೈತೇನ್ರಿ? ನಮ್ಮಪ್ಪ ನನ್ನ ನಡಕ್ಕ ಹಗ್ಗ ಕಟ್ಟಿ ಬಾವ್ಯಾಗ ಒಗದಿದ್ದ. ಕುಡಿಯೂದೆಲ್ಲಾ ಕುಡದ ಮ್ಯಾಲ ಈಸು ಬಂತು." ಅವಳು ನಕ್ಕಳು. ಅಮ್ಮ ನಗಲಿಲ್ಲ. ಸೂಪನ್ನು ಬದಿಗಿಟ್ಟು, "ನನಗೆ ಕಲಿಸುತ್ತೀರಾ?" ಎಂದಳು.

ಒಳಗಿನಿಂದ ಅಜ್ಜಿ ಬಂದರು. ಯಲ್ಲವ್ವನತ್ತ ನೋಡದೆ ಮಗಳಿಗೆ ಹೇಳಿದರು, "ನಿನ್ನ ಅಪ್ಪನಿಗೆ ಈಜು ಬರುತ್ತಿತ್ತು. ಹೊಳೆಬಾಯಿಯಲ್ಲಿ ಬೇರೆಯವರ ದೋಣಿ ಮಗುಚಿದ ದಿನ ನಾವು ಹೆಂಗಸರು ದಡದಲ್ಲಿ ಬೊಬ್ಬೆ ಹಾಕಿದೆವು. ನಿನ್ನ ಅಪ್ಪ ಹಾರಿದರು. ಬೊಬ್ಬೆ ಹಾಕಿದವರು ಈಗಲೂ ಇದ್ದೇವೆ."

ಅಜ್ಜನ ಕತೆಯನ್ನು ನಾನು ಅಷ್ಟು ಚಿಕ್ಕದಾಗಿ ಕೇಳಿದ್ದು ಅದೇ ಮೊದಲು. ಅಜ್ಜ ಮುಳುಗಿದ ದಿನದಿಂದ ಅಜ್ಜಿ ಹೊಳೆಗೆ ಪಾದ ಸಹ ನೆನೆಸಿರಲಿಲ್ಲವಂತೆ.

ಅಮ್ಮ ಮಡಿಲಿನಿಂದ ಹೊಗೆಸೊಪ್ಪಿನ ಪುಡಿ ಕೊಡವಿದಳು. ಆಮೇಲೆ ಹೇಳಿದಳು, "ಗುಲಾಬಿಯ ಕೈ ನನ್ನ ಕೈಯಲ್ಲಿತ್ತು ಅಮ್ಮಾ. ಇನ್ನೊಂದು ಕೈಯಲ್ಲಿ ದೋಣಿ ಹಿಡಿದುಕೊಂಡಿದ್ದೆ. ಎರಡೂ ಜಾರುವಾಗ ನಾನು ಬಿಟ್ಟದ್ದು ಅವಳ ಕೈ."

ಯಲ್ಲವ್ವ ಕೊಡ ಎತ್ತಿಕೊಂಡು ಹೋದಳು. ಮರುದಿನ ಅಜ್ಜಿ ಅಟ್ಟದಿಂದ ಹಳೆಯ ಬಲೆಯ ನೈಲಾನ್ ಹಗ್ಗವನ್ನು ಇಳಿಸಿ, ಮೊಳಮೊಳವಾಗಿ ಎಳೆದು ಪರೀಕ್ಷಿಸಿ, "ಹಗ್ಗ ಹಿಡಿಯುವುದು ನಾನು. ಬೇರೆ ಯಾರ ಕೈಗೂ ಕೊಡುವುದಿಲ್ಲ" ಎಂದರು. ಒಪ್ಪಿಗೆ ಎಂದರೆ ಅದೇ ಎಂದು ನಾವು ತಿಳಿದುಕೊಂಡೆವು.

ಚೌತಿ ಕಳೆದು ನವರಾತ್ರಿ ಹತ್ತಿರವಾಗುವ ಹೊತ್ತಿಗೆ ಹೊಳೆಯ ಕೆಂಪು ಇಳಿದು ನೀರು ತಿಳಿಯಾಯಿತು. ನಮ್ಮ ಮನೆಯ ಹಿಂದೆ ಹೊಳೆ ಒಳಕ್ಕೆ ಬಾಗುವಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮರೆ ಇತ್ತು. ಮಧ್ಯಾಹ್ನ ಗಂಡಸರು ಮಲಗಿದ ಮೇಲೆ ಅಲ್ಲಿ ಪಾಠ. ಅಮ್ಮ ನೈಟಿಯ ಮೇಲೆ ಅಪ್ಪನ ಅಂಗಿ ತೊಟ್ಟು, ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಯಾಗಿ ಕಟ್ಟಿ ಎದೆಯಡಿಗೆ ಹಾಕಿಕೊಂಡು ನೀರಿಗಿಳಿಯುತ್ತಿದ್ದಳು. ನನಗೂ ಅಂಥದೇ ಒಂದು ಜೋಡಿ. ಯಲ್ಲವ್ವ ಸೀರೆಯನ್ನು ಕಚ್ಚೆ ಹಾಕಿ, ಅಮ್ಮನ ಹೊಟ್ಟೆಯಡಿ ಕೈ ಕೊಟ್ಟು ಕೂಗುತ್ತಿದ್ದಳು, "ಹೊಟ್ಟಿ ಸಡ್ಲ ಬಿಡ್ರಿ! ನೀರೇನ ನಿಮ್ಮ ಅತ್ತೀನ, ಅಷ್ಟ ಅಂಜಾಕ?" ದಡದಲ್ಲಿ ಅಜ್ಜಿ, ಹಗ್ಗವನ್ನು ಅಂಗೈಗೆ ಎರಡು ಸುತ್ತು ಸುತ್ತಿಕೊಂಡು. ಅಮ್ಮ ಒಂದು ಗುಟುಕು ನೀರು ಕುಡಿದರೆ ಸಾಕು, ಗಾಳಕ್ಕೆ ಸಿಕ್ಕ ಮೀನಿನ ಹಾಗೆ ಎಳೆದುಬಿಡುತ್ತಿದ್ದರು. ಕಲಿತದ್ದಕ್ಕಿಂತ ಎಳೆಸಿಕೊಂಡದ್ದೇ ಹೆಚ್ಚು ಎಂದು ಅಮ್ಮ ಗೊಣಗುತ್ತಿದ್ದಳು. ಅವಳು ಗೊಣಗಿದ್ದು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನೂ ನೀರು ಕುಡಿದೆ.

ನೀರಿನ ಹೊತ್ತುಗೊತ್ತು ಮಾತ್ರ ಅಜ್ಜಿಯದೇ. ಭರತ ಪೂರ್ತಿ ಏರಿ, ಇಳಿತ ಶುರುವಾಗುವ ಮುಂಚೆ ನೀರು ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲುತ್ತದೆ. ಆಗ ಮಾತ್ರ ಇಳಿಯಬೇಕು. "ನಿನ್ನ ಬಾವಿಯ ನೀರಿಗೆ ಹೋಗಲಿಕ್ಕೆ ದಾರಿ ಇಲ್ಲ. ಇದಕ್ಕೆ ಉಂಟು" ಎಂದು ತಮಗೆ ಬಂದಷ್ಟು ಕನ್ನಡದಲ್ಲಿ ಯಲ್ಲವ್ವನಿಗೆ ಹೇಳುತ್ತಿದ್ದರು. ಅವಳು "ಹೂಂನ್ರಿ ಆಯಿ" ಎನ್ನುತ್ತಿದ್ದಳೇ ಹೊರತು ಅದು ಅವಳ ತಲೆಗೆ ಹೋಗಿರಲಿಲ್ಲ. ನೀರು ಎಂದರೆ ಅವಳಿಗೆ ನಾಲ್ಕು ಗೋಡೆಯೊಳಗೆ ಇರುವ ವಸ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ತೆಂಗಿನಕಾಯಿ ಬಿಟ್ಟು ಈಜಿದಳು. ದೂರವೇನಿಲ್ಲ, ಕಾಂಡ್ಲಾ ಗಿಡದಿಂದ ದೋಣಿ ಕಟ್ಟುವ ಗೂಟದವರೆಗೆ. ಅಜ್ಜಿ ಮೊದಲ ಸಲ ಹಗ್ಗ ಎಳೆಯಲಿಲ್ಲ. ಯಲ್ಲವ್ವನಿಗೆ ಖುಷಿ ತಡೆಯಲಾಗಲಿಲ್ಲ. ನಾವು ಮೇಲೆ ಬಂದು ತಲೆ ಒರೆಸಿಕೊಳ್ಳುವಾಗ, "ನಾ ಒಂದ ಸುತ್ತ ಹೊಡದ ಬರ್ತೀನ್ರಿ" ಎಂದು ಹಾರಿ, ಬಾಗು ದಾಟಿ ಹೊಳೆಯ ನಡುವಿಗೆ ಹೋದಳು. ನೀರು ಆಗಲೇ ತಿರುಗಿತ್ತು.

ಅಜ್ಜಿ ಮೊದಲು ನೋಡಿದರು. ಯಲ್ಲವ್ವನ ತಲೆ ಇದ್ದ ಜಾಗದಲ್ಲಿ ಇರಲಿಲ್ಲ, ಹೊಳೆಬಾಯಿಯ ಕಡೆಗೆ ಸರಿದಿತ್ತು. ಅವಳು ನಮ್ಮತ್ತ ತಿರುಗಿ ಈಜುತ್ತಿದ್ದಳು, ಆದರೆ ಹಿಂದಕ್ಕೇ ಹೋಗುತ್ತಿದ್ದಳು. "ಎದುರು ಬರಬೇಡ! ಅಡ್ಡಕ್ಕೆ ಬಾ, ಅಡ್ಡಕ್ಕೆ!" ಎಂದು ಅಜ್ಜಿ ಬೊಬ್ಬೆ ಹಾಕಿದರು. ಗಾಬರಿಗೆ ತುಳುವಿನಲ್ಲಿ ಹಾಕಿದರು. ಅವಳಿಗೆ ಏನು ಅರ್ಥವಾಗಬೇಕು? ನಾನು ಅದನ್ನೇ ಕನ್ನಡದಲ್ಲಿ ಕಿರುಚಿದೆ. ಅವಳು ಕೇಳಿಸಿಕೊಂಡು ಓರೆಯಾಗಿ ತಿರುಗಿದಳು, ಆದರೆ ಕೈಗಳು ಸೋತಿದ್ದವು. ಗಂಡಸರನ್ನು ಕರೆಯಲು ನಾನು ಓಡಬೇಕೆನ್ನುವಷ್ಟರಲ್ಲಿ ಅಮ್ಮ ನೀರಿಗಿಳಿದಿದ್ದಳು.

ಅವಳ ಸೊಂಟದಲ್ಲಿ ಹಗ್ಗ ಇನ್ನೂ ಇತ್ತು. ಅದರ ತುದಿ ಅಜ್ಜಿಯ ಅಂಗೈಯಲ್ಲಿತ್ತು.

ಆಗ ಅಜ್ಜಿ ಒಂದು ಸಲ ಎಳೆದಿದ್ದರೆ ಅಮ್ಮ ದಡಕ್ಕೆ ಬಂದುಬಿಡುತ್ತಿದ್ದಳು. ಅಜ್ಜಿಯ ಮುಖ ನಾನು ನೋಡಿದೆ. ತುಟಿ ಬಿಗಿಹಿಡಿದಿದ್ದರು. ಎಳೆಯಲಿಲ್ಲ, ಅಂಗೈಯ ಸುತ್ತು ಬಿಚ್ಚಿ ಸಡಿಲ ಬಿಡುತ್ತಾ ಹೋದರು. ಹಗ್ಗ ಮುಗಿಯಿತು. ಅಮ್ಮನಿಗೂ ಯಲ್ಲವ್ವನಿಗೂ ನಡುವೆ ಇನ್ನೂ ಒಂದು ದೋಣಿಯುದ್ದದಷ್ಟು ನೀರಿತ್ತು. ಹಗ್ಗ ಬಿಗಿದು ಅಮ್ಮ ಅಲ್ಲಿಯೇ ನಿಂತಳು. ಅಜ್ಜಿ ನನ್ನತ್ತ ನೋಡಲಿಲ್ಲ. ಸೀರೆ ಎತ್ತಿ ಕಟ್ಟಲೂ ಇಲ್ಲ. ಹಗ್ಗ ಹಿಡಿದುಕೊಂಡೇ ಹೊಳೆಗೆ ನಡೆದರು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಎದೆಗೆ ಬಂತು. ನಾನು "ಅಜ್ಜೀ" ಎಂದು ಅತ್ತೆ. ಕುತ್ತಿಗೆಗೆ ಬಂದಾಗ ನಿಂತು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು.

ಅಷ್ಟು ಸಾಕಾಯಿತು. ಅಮ್ಮ ಯಲ್ಲವ್ವನನ್ನು ಎರಡೂ ಕೈಗಳಿಂದ ಹಿಡಿದಳು. ಈ ಸಲ ದೋಣಿ ಹಿಡಿಯಲು ಒಂದು ಕೈ ಬೇಕಾಗಿರಲಿಲ್ಲ. ಅಜ್ಜಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು, ದಡ ಸಿಕ್ಕಿದ ಮೇಲೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಎಳೆದರು. ನಾನೂ ಎಳೆದೆ. ಮೂವರೂ ಮರಳಿನ ಮೇಲೆ ಬಿದ್ದುಕೊಂಡರು. ಯಲ್ಲವ್ವ ನೀರು ಕಾರಿ, ಉಸಿರು ಬಂದ ಮೇಲೆ ಆಡಿದ ಮೊದಲ ಮಾತು, "ನಿಮ್ಮ ನೀರ ಬಾಳ ಮೋಸ ಐತ್ರಿ ಆಯಿ."

"ಮೋಸ ಅಲ್ಲ. ನಾನು ಹೇಳಿದ್ದನ್ನು ನೀನು ಕೇಳಲಿಲ್ಲ" ಎಂದರು ಅಜ್ಜಿ. ಆಮೇಲೆ ಅಮ್ಮನ ಕೆನ್ನೆಗೆ ಒಂದು ಬಾರಿಸಿದರು. ಆಮೇಲೆ ಅವಳ ತಲೆಯನ್ನು ತಮ್ಮ ಒದ್ದೆ ಸೆರಗಿನಿಂದ ಒರೆಸತೊಡಗಿದರು. ಸೆರಗೂ ಒದ್ದೆ, ತಲೆಯೂ ಒದ್ದೆ. ಬಹಳ ಹೊತ್ತು ಒರೆಸಿದರು. ಅಂದು ಮನೆಗೆ ಬಂದ ಅಮ್ಮ ಹೊಳೆಯ ಬದಿಯ ಕಿಟಕಿ ತೆರೆದಳು.

ಕಡಲಿಗೆ ಕಲ್ಲು ಹಾಕುವ ಕೆಲಸ ಮುಗಿಯಿತು, ರಸ್ತೆ ಮಾತ್ರ ಮತ್ತೆ ಆಗಲಿಲ್ಲ. ಯಲ್ಲವ್ವನವರು ಬೇಸಗೆಗೆ ಮುಂಚೆ ಹೊರಟುಹೋದರು. ಹೋಗುವಾಗ ಅವಳು ಒಣ ಸಿಗಡಿ ಕಟ್ಟಿಸಿಕೊಂಡಳು. ಮತ್ತೆ ಬರಲಿಲ್ಲ. ಅವಳ ಊರಿನ ಹೆಸರನ್ನು ನಾವು ಯಾರೂ ಸರಿಯಾಗಿ ಕೇಳಿಟ್ಟುಕೊಂಡಿರಲಿಲ್ಲ, ಅದೊಂದು ಕೊರತೆ ಉಳಿದುಹೋಯಿತು.

ಜೂನಿನಲ್ಲಿ ಅಮ್ಮ ಬುಟ್ಟಿಯೊಂದಿಗೆ, ನಾನು ಹೊಸ ಚೀಲದೊಂದಿಗೆ ಸಂಜೀವಣ್ಣನ ದೋಣಿ ಹತ್ತಿದೆವು. ದೋಣಿಯಲ್ಲಿ ಬುಟ್ಟಿಗಳನ್ನು ಈಗ ನಡುವೆ ಇಟ್ಟು ಕಟ್ಟುತ್ತಿದ್ದರು, ಎಲ್ಲರೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಅಜ್ಜಿ ಕಡವಿಗೆ ಬಂದಿದ್ದರು. ಹೆಗಲಲ್ಲಿ ಆ ಹಗ್ಗದ ಸುರುಳಿ.

"ಕಮಲಕ್ಕಾ, ಅದು ಎಂತಕ್ಕೆ?" ಎಂದು ಸಂಜೀವಣ್ಣ ಕೇಳಿದ.

"ನೀನು ದೋಣಿ ನೋಡು ಮಾರಾಯ. ಹಗ್ಗ ನಾನು ನೋಡಿಕೊಳ್ಳುತ್ತೇನೆ."

ನಾನು ಹೈಸ್ಕೂಲು ಮುಗಿಸುವವರೆಗೂ ಅಜ್ಜಿ ಹಾಗೆಯೇ ಬಂದರು. ನಾವು ಆಚೆ ದಡಕ್ಕೆ ಇಳಿದು ಕೈ ಎತ್ತುವವರೆಗೆ ನಿಲ್ಲುತ್ತಿದ್ದರು. ತಮಗೆ ಜ್ವರ ಬಂದ ದಿನ ಅಪ್ಪನನ್ನು ಹಗ್ಗ ಕೊಟ್ಟು ಕಳಿಸಿದ್ದರು.

ಈಗ ಅಲ್ಲಿಗೆ ಸೇತುವೆ ಬಂದಿದೆ. ಒಳ್ಳೆಯದೇ ಆಯಿತು. ದೋಣಿಗಾಗಿ ಕಾಯಬೇಕಾಗಿಲ್ಲ, ಮಳೆಗೆ ಹೆದರಬೇಕಾಗಿಲ್ಲ, ಗುಲಾಬಿಯಕ್ಕನಿಗೆ ಬಂದದ್ದು ಯಾರಿಗೂ ಬರಬೇಕಾಗಿಲ್ಲ. ಮೀನು ಸ್ಕೂಟರಿನಲ್ಲಿ ಹೋಗುತ್ತದೆ, ಎತ್ತಿಕೊಡು ಎಂದು ಬಗ್ಗಿ ನಿಲ್ಲುವವರಿಲ್ಲ. ಅಜ್ಜಿ ಹೋಗಿ ವರ್ಷಗಳಾದವು. ನನ್ನ ಮಗಳು ಮಣಿಪಾಲದಲ್ಲಿ ನೀಲಿ ಟೈಲ್ಸಿನ ಕೊಳದಲ್ಲಿ ಈಜು ಕಲಿತಳು. ಅವಳ ನಡಕ್ಕೆ ಯಾರೂ ಏನೂ ಕಟ್ಟಲಿಲ್ಲ. ಊರಿಗೆ ಹೋದಾಗ ಸೇತುವೆಯ ಮೇಲೆ ಕಾರು ಕ್ಷಣದಲ್ಲಿ ದಾಟಿಬಿಡುತ್ತದೆ. ಕೆಳಗೆ ಕಡವು ಇದ್ದ ಜಾಗದತ್ತ ನಾನು ನೋಡುವಷ್ಟರಲ್ಲಿ ಆಚೆ ದಡ ಬಂದಿರುತ್ತದೆ. ಅಲ್ಲಿ ಯಾರೂ ನಿಂತಿರುವುದಿಲ್ಲ.

ಅಜ್ಜಿಯ ಹಗ್ಗ ಹೊಳೆಯ ಅರ್ಧಕ್ಕೂ ಮುಟ್ಟುತ್ತಿರಲಿಲ್ಲ. ಅದು ನಮಗೂ ಗೊತ್ತಿತ್ತು, ಸಂಜೀವಣ್ಣನಿಗೂ ಗೊತ್ತಿತ್ತು, ಎಲ್ಲರಿಗಿಂತ ಮೊದಲು ಅಜ್ಜಿಗೇ ಗೊತ್ತಿತ್ತು. ಆದರೂ ಅವರು ಬರುವುದು ಒಂದು ಗಳಿಗೆ ತಡವಾದ ದಿನ, ದೋಣಿಯಲ್ಲಿ ಕೂತವರು ಯಾರೂ "ದೋಣಿ ಬಿಡು" ಎನ್ನುತ್ತಿರಲಿಲ್ಲ. ಸಂಜೀವಣ್ಣ ಗಳ ಊರಿಕೊಂಡು ದಾರಿಯತ್ತ ನೋಡುತ್ತಾ ನಿಲ್ಲುತ್ತಿದ್ದ.